ಲಿಟಲ್ ಕಾಟನ್‌ವುಡ್ ಕಣಿವೆ: ಹಿಮದ ರಸ್ತೆಯಲ್ಲಿ ಹತ್ತುವುದು, ಇಳಿಯುವುದು

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಅಂಚಿನಿಂದ ಲಿಟಲ್ ಕಾಟನ್‌ವುಡ್ ಕಣಿವೆಯೊಳಗೆ ಸಾಗುವ 210ನೇ ಹೆದ್ದಾರಿಯು ಸುಮಾರು 8 ಮೈಲಿಗಳಲ್ಲಿ 3,000 ಅಡಿಗೂ ಹೆಚ್ಚು ಮೇಲೇರಿ, ಸ್ನೋಬರ್ಡ್ ಹಾಗೂ ಆಲ್ಟಾ ಎಂಬ ಎರಡು ಸ್ಕೀ ತಾಣಗಳನ್ನು ತಲುಪುತ್ತದೆ. ಆಗುಂಬೆಯಂತೆ ಇಲ್ಲಿ ಒಂದರ ಹಿಂದೊಂದು ಬರುವ ಕಡಿದಾದ ತಿರುವುಗಳಿಲ್ಲ. ಇಳಿಜಾರು ಬಹುಪಾಲು ನೇರವಾಗಿಯೇ ಇರುವುದರಿಂದ ವಾಹನದ ವೇಗ ಏರುತ್ತಿರುವುದು ಚಾಲಕನ ಗಮನಕ್ಕೆ ತಡವಾಗಿ ಬರುತ್ತದೆ, ನನ್ನ ದೃಷ್ಟಿಯಲ್ಲಿ ಈ ರಸ್ತೆಯ ಅಪಾಯವಿರುವುದು ಅಲ್ಲಿಯೇ. ಹಲವು ಚಳಿಗಾಲಗಳಿಂದ ಕುಟುಂಬದೊಂದಿಗೆ ಇಲ್ಲಿ ಓಡಾಡುತ್ತಿರುವ ನಾನು ಹತ್ತುವುದಕ್ಕಿಂತ ಇಳಿಯುವುದಕ್ಕೇ ಹೆಚ್ಚು ಸಿದ್ಧತೆ ಮಾಡಿಕೊಳ್ಳುತ್ತೇನೆ.

ಸಿದ್ಧತೆ ಆರಂಭವಾಗುವುದು ಟೈರಿನಿಂದ. ಉಷ್ಣಾಂಶ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬೇಸಿಗೆ ಟೈರಿನ ರಬ್ಬರು ಗಟ್ಟಿಯಾಗುತ್ತ ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಮೂರು ಶಿಖರಗಳ ನಡುವೆ ಹಿಮದ ಹರಳಿನ ಗುರುತಿರುವ ಚಳಿಗಾಲದ ಟೈರುಗಳನ್ನು ನವೆಂಬರಿನಲ್ಲಿಯೇ ನಾಲ್ಕೂ ಚಕ್ರಗಳಿಗೆ ಹಾಕಿಸುತ್ತೇನೆ. ಹಿಮ ಬೀಳುವ ದಿನಗಳಲ್ಲಿ ಕಣಿವೆಯ ಬಾಯಲ್ಲಿ ಪೊಲೀಸರು ಟೈರುಗಳನ್ನೂ, ಹಿಮದಲ್ಲಿ ಹಿಡಿತ ಸಿಗಲೆಂದು ಅವುಗಳ ಸುತ್ತ ಕಟ್ಟುವ ಚೈನುಗಳನ್ನೂ ಪರೀಕ್ಷಿಸಿ, ನಿಯಮಕ್ಕೆ ಹೊಂದದ ವಾಹನಗಳನ್ನು ಹಿಂದಕ್ಕೆ ಕಳುಹಿಸುವುದುಂಟು. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಕಾರು ಇದ್ದರೆ ಸಾಕು ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಆ ವ್ಯವಸ್ಥೆ ವಾಹನವನ್ನು ಮುಂದಕ್ಕೆ ಒಯ್ಯಲು ನೆರವಾಗುತ್ತದೆಯೇ ಹೊರತು ನಿಲ್ಲಿಸಲು ಅಲ್ಲ. ನಿಲ್ಲುವಾಗ ಎಲ್ಲ ಕಾರುಗಳಿಗೂ ಟೈರಿನ ಹಿಡಿತವೊಂದೇ ಆಧಾರ. ಚೈನು ಒಯ್ಯುವವರು ಅದನ್ನು ಮನೆಯಂಗಳದಲ್ಲಿ ಕೈಗವಸು ಹಾಕಿಕೊಂಡೇ ಒಮ್ಮೆ ಕಟ್ಟಿ ಬಿಚ್ಚಿ ನೋಡುವುದು ಒಳ್ಳೆಯದು.

ಹತ್ತುವಾಗ ನಾನು ಮುಂದಿನ ವಾಹನದಿಂದ ತುಂಬ ಅಂತರ ಬಿಡುತ್ತೇನೆ. ಏರಿನ ನಡುವೆ ಪೂರ್ತಿ ನಿಂತ ಕಾರನ್ನು ಮತ್ತೆ ಚಲಿಸುವಂತೆ ಮಾಡುವುದು ಕಷ್ಟವಾದ್ದರಿಂದ, ಮುಂದಿನವರು ನಿಂತರೂ ನಾನು ಮೆಲ್ಲಗೆ ಉರುಳುತ್ತಲೇ ಇರುವಷ್ಟು ಜಾಗ ಬೇಕು. ಬೆಟ್ಟದ ಮೇಲಿನ ಹಿಮರಾಶಿ ಕುಸಿದು ಉರುಳಿ ಬರುವ ಹತ್ತಾರು ಜಾಡುಗಳು ರಸ್ತೆಗೆ ಅಡ್ಡಲಾಗಿವೆ. ಅಲ್ಲಿ ಫೋಟೊ ತೆಗೆಯಲೆಂದು ನಿಲ್ಲುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಭಾರಿ ಹಿಮ ಬಿದ್ದ ಬೆಳಿಗ್ಗೆ ರಸ್ತೆ ಮುಚ್ಚಿ, ಇಳಿಜಾರಿನ ಹಿಮವನ್ನು ಸ್ಫೋಟಗಳಿಂದ ಬೇಕೆಂದೇ ಕೆಳಗುರುಳಿಸುತ್ತಾರೆ. ಇದಕ್ಕೆ ದಶಕಗಳ ಕಾಲ ಸೇನೆಯ ಫಿರಂಗಿಗಳನ್ನೇ ಬಳಸುತ್ತಿದ್ದರು. 2022-23ರ ಋತುವಿನಲ್ಲಿ ಆಲ್ಟಾದಲ್ಲಿ ದಾಖಲೆಯ 903 ಇಂಚು ಹಿಮ ಬಿದ್ದಾಗ ಇಂತಹ ಮುಚ್ಚುಗಡೆಗಳು ಮತ್ತೆ ಮತ್ತೆ ಬಂದವು. ಹಾಗಾಗಿ ಮನೆ ಬಿಡುವ ಮೊದಲು ಸಾರಿಗೆ ಇಲಾಖೆಯ ಪ್ರಕಟಣೆಯನ್ನು ನೋಡುತ್ತೇನೆ, ಇಂಧನದ ಟ್ಯಾಂಕು ಅರ್ಧಕ್ಕಿಂತ ಕಡಿಮೆಯಿರದಂತೆ ನೋಡಿಕೊಳ್ಳುತ್ತೇನೆ; ಕಂಬಳಿ, ನೀರು, ಚಪಾತಿ ಕಾರಿನಲ್ಲಿ ಇದ್ದೇ ಇರುತ್ತವೆ.

ಇಳಿಯುವ ಹೊತ್ತು ಸಂಜೆಯದಾದ್ದರಿಂದ ಕಷ್ಟ ಇಮ್ಮಡಿಯಾಗುತ್ತದೆ. ಹಗಲಿನ ಬಿಸಿಲಿಗೆ ಕರಗಿ ರಸ್ತೆಯ ಮೇಲೆ ಹರಿದ ನೀರು, ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟುಗಳು ನಿಂತು ಜನರೆಲ್ಲ ಒಟ್ಟಿಗೆ ಹೊರಡುವ ಹೊತ್ತಿಗೇ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆಯಾಗಲು ತೊಡಗುತ್ತದೆ. ಹತ್ತಿದ ಗೇರಿನಲ್ಲಿಯೇ ಇಳಿಯಬೇಕು ಎಂದು ನಮ್ಮ ಘಾಟಿಯ ಲಾರಿ ಚಾಲಕರು ಹೇಳುವ ಮಾತು ಇಲ್ಲಿಯೂ ಸಲ್ಲುತ್ತದೆ. ನನ್ನ ಕಾರು ಆಟೊಮ್ಯಾಟಿಕ್ ಆದರೂ ಪಾರ್ಕಿಂಗ್ ಜಾಗದಿಂದ ಹೊರಬರುವಾಗಲೇ ಅದನ್ನು ಮ್ಯಾನುಯಲ್ ಸ್ಥಿತಿಗೆ ತಂದು, ಎರಡನೆಯ ಗೇರಿನಲ್ಲಿ ಎಂಜಿನ್ನೇ ವೇಗವನ್ನು ಹಿಡಿದಿಡುವಂತೆ ಮಾಡುತ್ತೇನೆ. ಜಾರುವ ರಸ್ತೆಯ ನಡುವೆ ಥಟ್ಟನೆ ಕೆಳಗಿನ ಗೇರಿಗೆ ಇಳಿಸಿದರೆ ಚಕ್ರಗಳು ಹಿಡಿತ ತಪ್ಪಬಹುದಾದ್ದರಿಂದ, ಇಳಿಜಾರು ಶುರುವಾಗುವ ಮುನ್ನವೇ ಗೇರು ಆರಿಸಿಕೊಳ್ಳಬೇಕು. ತಿರುವಿಗೆ ಮುಂಚೆ, ಚಕ್ರಗಳು ನೇರವಾಗಿರುವಾಗಲೇ ಬ್ರೇಕನ್ನು ಮೃದುವಾಗಿ ಒತ್ತಿ ವೇಗ ತಗ್ಗಿಸಿಕೊಳ್ಳುತ್ತೇನೆ. ಗಟ್ಟಿಯಾಗಿ ಒತ್ತಲೇಬೇಕಾಗಿ ಬಂದು ಪೆಡಲು ಅದುರತೊಡಗಿದರೆ ಗಾಬರಿಯಿಂದ ಕಾಲು ತೆಗೆಯಬಾರದು, ಅದು ಬ್ರೇಕ್ ಒತ್ತಿದಾಗ ಚಕ್ರಗಳು ಪೂರ್ತಿ ಬಿಗಿದುಕೊಂಡು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಕೆಲಸ ಮಾಡುತ್ತಿರುವ ಲಕ್ಷಣ. ಒತ್ತಿಹಿಡಿದೇ ಸ್ಟಿಯರಿಂಗನ್ನು ಹೋಗಬೇಕಾದ ಕಡೆಗೆ ತಿರುಗಿಸುತ್ತಿರಬೇಕು.

ಊರಿನಿಂದ ಬಂದ ಬಂಧುಗಳು ಜೊತೆಗಿದ್ದು, ಮುನ್ಸೂಚನೆಯಲ್ಲಿ ಭಾರಿ ಹಿಮವಿದ್ದರೆ ನಾನು ಕಾರನ್ನು ಮನೆಯಲ್ಲಿಯೇ ಬಿಟ್ಟು ಯೂಟಾ ಟ್ರಾನ್ಸಿಟ್ ಅಥಾರಿಟಿಯ ಸ್ಕೀ ಬಸ್ಸು ಹತ್ತುತ್ತೇನೆ. ವಾಹನಗಳ ಸಾಲಿನಲ್ಲಿ ಬಸ್ಸೂ ಕಾಯಬೇಕಾಗುತ್ತದೆಯಾದರೂ, ಇಳಿಯುವಾಗ ಕಿಟಕಿಯಾಚೆಯ ಬೆಟ್ಟಗಳನ್ನು ನೋಡಲು ನನಗೆ ಬಿಡುವು ಸಿಗುವುದು ಅಂಥ ದಿನಗಳಲ್ಲಿ ಮಾತ್ರ.