ಬಿ.ಫಾರ್ಮ್‌ನಲ್ಲಿ ಫಾರ್ಮಕಾಲಜಿ ಓದೋದು ಹೇಗೆ? ಮೊದಲು ದೇಹ, ಆಮೇಲೆ ಮಾತ್ರೆ

ನಮ್ಮಲ್ಲಿ ಪಿಯುಸಿ ಮುಗಿಸಿದವರು ಫಾರ್ಮಕಾಲಜಿ, ಅಂದರೆ ಔಷಧಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿಷಯ, ಓದುವುದು ಹೆಚ್ಚಾಗಿ ಬಿ.ಫಾರ್ಮ್ ಒಳಗೇ. ಆ ಹೆಸರಿನ ಮೊದಲ ಪೇಪರ್ ಬರುವುದು ನಾಲ್ಕನೇ ಸೆಮ್‌ನಲ್ಲಿ, ಐದು ಮತ್ತು ಆರರಲ್ಲಿ ಇನ್ನೆರಡು. ಹಾಗಂತ ನಾಲ್ಕನೇ ಸೆಮ್‌ವರೆಗೆ ಕಾಯಬೇಡಿ. ಮೊದಲ ಎರಡು ಸೆಮ್‌ನ ಅನಾಟಮಿ, ಫಿಸಿಯಾಲಜಿಯನ್ನು ಪಾಸಾದರೆ ಸಾಕು ಅಂತ ತಳ್ಳಿದವರೇ ಮುಂದೆ ಔಷಧಿಗಳ ಪಟ್ಟಿ ಹಿಡಿದು ಉರು ಹೊಡೆಯುತ್ತಾ ಒದ್ದಾಡುತ್ತಾರೆ. ಪಿಸಿಎಂ ಓದಿ ಬಂದವರಿಗೆ ಮೊದಲ ಸೆಮ್‌ನಲ್ಲಿ ರೆಮಿಡಿಯಲ್ ಬಯಾಲಜಿ ಇರುತ್ತದೆ. ಅದನ್ನು ಸುಮ್ನೆ ಒಂದು ಶಾಸ್ತ್ರ ಅಂದುಕೊಳ್ಳಬೇಡಿ.

ಜಾಸ್ತಿ ಸಮಯ ಕೊಡಬೇಕಾದ ಒಂದು ಪಾಠ ಹೇಳಿ ಅಂದರೆ ನಾನು ಹೇಳುವುದು ಅಟಾನಮಿಕ್ ನರ್ವಸ್ ಸಿಸ್ಟಮ್, ಅಂದರೆ ನಮ್ಮ ಗಮನವಿಲ್ಲದೆಯೇ ಅಂಗಗಳನ್ನು ನಡೆಸುವ ನರಗಳು. ಸಿಂಪಥೆಟಿಕ್, ಪ್ಯಾರಾಸಿಂಪಥೆಟಿಕ್ ಅನ್ನುವುದು ಅದರ ಎರಡು ಭಾಗ. ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಅಂಗಗಳನ್ನು ಬರೆಯಿರಿ: ಕಣ್ಣಿನ ಪಾಪೆ, ಜೊಲ್ಲು ಗ್ರಂಥಿ, ಹೃದಯ, ಶ್ವಾಸನಾಳ, ಕರುಳು, ಮೂತ್ರಕೋಶ. ಒಂದೊಂದರ ಎದುರಿಗೂ ಸಿಂಪಥೆಟಿಕ್ ಏನು ಮಾಡುತ್ತದೆ, ಪ್ಯಾರಾಸಿಂಪಥೆಟಿಕ್ ಏನು ಮಾಡುತ್ತದೆ, ಯಾವ ರಿಸೆಪ್ಟರ್ (ನರದ ಸಂದೇಶ ಅಥವಾ ಔಷಧಿ ಬಂದು ಕೂರುವ ಜಾಗ) ಮೂಲಕ ಅಂತ ಬರೆಯಿರಿ. ಪುಸ್ತಕ ಮುಚ್ಚಿ ಇದನ್ನು ಬರೆಯೋಕೆ ಬಂದರೆ ಅಟ್ರೋಪಿನ್‌ನ ಅಡ್ಡಪರಿಣಾಮಗಳನ್ನು ಬಾಯಿಪಾಠ ಮಾಡುವ ಕೆಲಸವೇ ಇಲ್ಲ. ಪ್ಯಾರಾಸಿಂಪಥೆಟಿಕ್ ಕೆಲಸ ಮಾಡುವ ಮಸ್ಕರಿನಿಕ್ ರಿಸೆಪ್ಟರ್ ಅದರಿಂದ ಬಂದ್ ಆಯಿತು, ಅಷ್ಟೇ. ಪಾಪೆ ಹಿಗ್ಗುತ್ತದೆ, ಬಾಯಿ ಒಣಗುತ್ತದೆ, ಎದೆಬಡಿತ ಏರುತ್ತದೆ, ಮಲಬದ್ಧತೆ ಆಗುತ್ತದೆ, ಮೂತ್ರ ಕಟ್ಟುತ್ತದೆ.

ಈಗ ಅದೇ ಹಾಳೆಯನ್ನು ಉಲ್ಟಾ ಓದಿ. ಆರ್ಗನೋಫಾಸ್ಫೇಟ್ ಕೀಟನಾಶಕ ಹೊಟ್ಟೆಗೆ ಹೋದ ಪ್ರಕರಣಗಳನ್ನು ಹಳ್ಳಿ ಕಡೆಯವರು ಕೇಳಿಯೇ ಇರುತ್ತೀರಿ. ಆ ವಿಷ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕೆಲಸ ಮಾಡಲು ಬಿಡುವುದಿಲ್ಲ, ಹಾಗಾಗಿ ನರದ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಒಡೆಯದೆ ತುಂಬಿಕೊಳ್ಳುತ್ತದೆ, ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು, ಬೆವರು, ಭೇದಿ ಶುರುವಾಗುತ್ತದೆ, ಶ್ವಾಸಕೋಶದಲ್ಲಿ ದ್ರವ ತುಂಬಿ ಉಸಿರಾಟ ಕಷ್ಟವಾಗುತ್ತದೆ. ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಡುವುದು ಇದಕ್ಕೇ. ಆದರೆ ಸ್ನಾಯುಗಳ ನಿಶ್ಶಕ್ತಿ ಅಟ್ರೋಪಿನ್‌ನಿಂದ ಹೋಗುವುದಿಲ್ಲ, ಯಾಕಂದರೆ ಅಲ್ಲಿರುವುದು ನಿಕೋಟಿನಿಕ್ ರಿಸೆಪ್ಟರ್. ಕಿಣ್ವವನ್ನೇ ವಿಷದಿಂದ ಬಿಡಿಸಲು ಪ್ರಾಲಿಡಾಕ್ಸಿಮ್ ಬೇಕು. ವೈವಾದಲ್ಲಿ ಇಷ್ಟನ್ನು ಕಾರಣ ಸಮೇತ ಹೇಳಿದವರನ್ನು ಯಾರೂ ಜಾಸ್ತಿ ಕೆಣಕುವುದಿಲ್ಲ.

ಔಷಧಿಗಳನ್ನು ಓದುವಾಗ ಒಂದು ಗುಂಪಿಗೆ ಒಂದೇ ಔಷಧಿಯನ್ನು ಪೂರ್ತಿ ಕಲಿಯಿರಿ. ಅದು ಎಲ್ಲಿ ಕೆಲಸ ಮಾಡುತ್ತದೆ, ಅದರಿಂದ ದೇಹದಲ್ಲಿ ಏನಾಗುತ್ತದೆ, ಅಡ್ಡಪರಿಣಾಮ ಯಾಕೆ, ಯಾರಿಗೆ ಕೊಡಬಾರದು. ಬಿಪಿಗೆ ಕೊಡುವ ಎನಾಲಪ್ರಿಲ್ ತಗೊಂಡವರಲ್ಲಿ ಕೆಲವರಿಗೆ ಒಣ ಕೆಮ್ಮು ಬರುತ್ತದೆ, ಅದು ಎಸಿಇ ಎಂಬ ಕಿಣ್ವವನ್ನು ತಡೆಯುವುದರಿಂದ ಬ್ರಾಡಿಕೈನಿನ್ ಎಂಬ ವಸ್ತು ಒಡೆಯದೆ ಉಳಿಯುವುದೇ ಕೆಮ್ಮಿಗೆ ಮುಖ್ಯ ಕಾರಣ. ಇನ್ನೊಂದು ಬಿಪಿ ಔಷಧಿ ಲೊಸಾರ್ಟಾನ್ ಆ ಕಿಣ್ವದ ತಂಟೆಗೇ ಹೋಗುವುದಿಲ್ಲ, ಹಾಗಾಗಿ ಅದರಲ್ಲಿ ಕೆಮ್ಮು ಕಡಿಮೆ. ಬೀಟಾ ರಿಸೆಪ್ಟರ್ ಬಂದ್ ಮಾಡುವ ಪ್ರೊಪ್ರನಲಾಲ್ ಅಸ್ತಮಾ ಇರುವವರಿಗೆ ಯಾಕೆ ಬೇಡ ಅನ್ನುವುದಕ್ಕೆ ಉತ್ತರ ನಿಮ್ಮ ಆ ಹಾಳೆಯಲ್ಲೇ ಇದೆ, ನೋಡಿ.

ಗುಂಪಿನ ಉಳಿದವರನ್ನು ಹೆಸರಿನ ಬಾಲ ಹಿಡಿದು ಗುರುತಿಸಬಹುದು. '-ಪ್ರಿಲ್', '-ಸಾರ್ಟಾನ್', '-ಡಿಪಿನ್' ಹೀಗೆ. ಆದರೆ ಬಾಲವನ್ನೇ ಪೂರ್ತಿ ನಂಬಬೇಡಿ. ಕೊಲೆಸ್ಟರಾಲ್ ಔಷಧಿಗಳ '-ಸ್ಟಾಟಿನ್' ಬಾಲ ಇದ್ದರೂ ನಿಸ್ಟಾಟಿನ್ ಕೊಲೆಸ್ಟರಾಲ್ ಇಳಿಸುವುದಿಲ್ಲ, ಅದು ಫಂಗಸ್‌ಗೆ ಕೊಡುವ ಔಷಧಿ. '-ಪ್ರಾಜೋಲ್' ಬಾಲ ಇದ್ದರೂ ಅರಿಪಿಪ್ರಾಜೋಲ್ ಗ್ಯಾಸ್ ಮಾತ್ರೆಯಲ್ಲ, ಮನೋರೋಗಕ್ಕೆ ಕೊಡುವಂಥದ್ದು. ಎಂಸಿಕ್ಯೂ ಬರೆಯುವಾಗ ಜಾರಿ ಬೀಳುವುದು ಇಂಥ ಕಡೆಯೇ.

ಫಾರ್ಮಕೋಕೈನೆಟಿಕ್ಸ್ (ಔಷಧಿ ದೇಹದೊಳಗೆ ಹೋಗಿ, ಹರಡಿ, ಹೊರಬರುವ ಲೆಕ್ಕ) ಅಂದ ತಕ್ಷಣ ಸೂತ್ರ ನೋಡಿ ಹೆದರುವವರು ಕೈಯಲ್ಲೇ ಒಂದು ಗ್ರಾಫ್ ಹಾಕಿ ನೋಡಿ. ಹಾಫ್ ಲೈಫ್ (ರಕ್ತದಲ್ಲಿ ಅರ್ಧಕ್ಕೆ ಇಳಿಯುವ ಸಮಯ) 8 ಗಂಟೆ ಇರುವ ಔಷಧಿಯನ್ನು ಡ್ರಿಪ್‌ನಲ್ಲಿ ಒಂದೇ ವೇಗದಲ್ಲಿ ಕೊಡುತ್ತಾ ಹೋದರೆ 8 ಗಂಟೆಗೆ ರಕ್ತದಲ್ಲಿ ಅದು ಕೊನೆಗೆ ನಿಲ್ಲುವ ಮಟ್ಟದ ಶೇ. 50, 16ಕ್ಕೆ ಶೇ. 75, 24ಕ್ಕೆ ಶೇ. 87.5, 40 ಗಂಟೆಗೆ ಸುಮಾರು ಶೇ. 97. ಅಷ್ಟು ಹೊತ್ತು ಕಾಯೋಕೆ ಆಗದ ರೋಗಿಗೆ ಲೋಡಿಂಗ್ ಡೋಸ್ (ಮೊದಲೇ ಕೊಡುವ ದೊಡ್ಡ ಡೋಸ್) ಯಾಕೆ ಬೇಕು ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಕನ್ನಡ ಮೀಡಿಯಂನಿಂದ ಬಂದವರಿಗೆ ಒಂದು ಮಾತು. ಮೊದಲು ಕನ್ನಡದಲ್ಲೇ ಪಕ್ಕದವರಿಗೆ ವಿವರಿಸಿ. 'ಈ ಮಾತ್ರೆ ತಗೊಂಡ್ರೆ ಹೃದಯ ನಿಧಾನ ಆಗುತ್ತೆ, ಯಾಕಂದ್ರೆ...' ಅಂತ ಶುರು ಮಾಡಿ, ಆ 'ಯಾಕಂದ್ರೆ' ಮುಂದೆ ತಡವರಿಸಿದರೆ ಪಾಠ ಅರ್ಥವಾಗಿಲ್ಲ ಅಂತ. ಅರ್ಥವಾದ ಮೇಲೆ ಅದೇ ಉತ್ತರವನ್ನು ಇಂಗ್ಲಿಷ್‌ನಲ್ಲಿ ಬರೆದು ಅಭ್ಯಾಸ ಮಾಡಿ, ಪರೀಕ್ಷೆ ಇರುವುದು ಅದರಲ್ಲೇ ಅಲ್ವಾ.

ಪ್ರಾಕ್ಟಿಕಲ್ ಈಗ ಹೆಚ್ಚಾಗಿ ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲೇ ನಡೆಯುತ್ತದೆ. ಸೀನಿಯರ್ ರೆಕಾರ್ಡ್ ನೋಡಿ ಗ್ರಾಫ್ ಇಳಿಸಿಬಿಡುವುದು ಸುಲಭ. ಅದರ ಬದಲು ಡೋಸ್ ಬದಲಿಸಿ ಆಡಿ ನೋಡಿ. ಕಾಂಪಿಟಿಟಿವ್ ಆಂಟಗನಿಸ್ಟ್ (ಅದೇ ರಿಸೆಪ್ಟರ್‌ಗೆ ಪೈಪೋಟಿ ಮಾಡಿ ತಡೆಯುವ ಔಷಧಿ) ಹಾಕಿದರೆ ಡೋಸ್-ಪರಿಣಾಮದ ಗೆರೆ ಬಲಕ್ಕೆ ಸರಿಯುತ್ತದೆ, ಅಗೋನಿಸ್ಟ್ (ರಿಸೆಪ್ಟರ್ ಅನ್ನು ಚುರುಕು ಮಾಡುವ ಔಷಧಿ) ಡೋಸ್ ಏರಿಸಿದರೆ ಮತ್ತೆ ಅದೇ ಎತ್ತರ ಮುಟ್ಟುತ್ತದೆ. ನಾನ್-ಕಾಂಪಿಟಿಟಿವ್ ಹಾಕಿದರೆ ಎಷ್ಟು ಏರಿಸಿದರೂ ಎತ್ತರ ಸಿಗುವುದಿಲ್ಲ. ಒಮ್ಮೆ ಕಣ್ಣಾರೆ ನೋಡಿದರೆ ಮರೆಯುವುದಿಲ್ಲ.

ಥಿಯರಿಗೆ 75 ಅಂಕ, ಇಂಟರ್ನಲ್‌ಗೆ 25. ಇಂಟರ್ನಲ್ ಬಿಡಬೇಡಿ. ಇನ್ನೊಂದು: ಆರನೇ ಸೆಮ್‌ನ ಪೇಪರ್‌ನಲ್ಲಿ ಆಂಟಿಬಯೋಟಿಕ್ ಸೇರಿ ಸೋಂಕಿಗೆ ಕೊಡುವ ಔಷಧಿಗಳದ್ದೇ ದೊಡ್ಡ ಪಾಲು. ಬ್ಯಾಕ್ಟೀರಿಯಾದ ಸೆಲ್ ವಾಲ್ ಗೊತ್ತಿಲ್ಲದೆ ಪೆನಿಸಿಲಿನ್ ಅರ್ಥವಾಗುವುದಿಲ್ಲ. ಹಾಗಾಗಿ ಮೂರನೇ ಸೆಮ್ ಮುಗಿದ ತಕ್ಷಣ ಮೈಕ್ರೋಬಯಾಲಜಿ ನೋಟ್ಸ್ ಜೂನಿಯರ್‌ಗೆ ದಾಟಿಸಿಬಿಡಬೇಡಿ, ಜೆರಾಕ್ಸ್ ಮಾಡಿಸಿ ಕೊಡಿ.