ಮೊದಲು ಬಾಯಿ, ಆಮೇಲೆ ಬಿ.ಪಿ.

ಸೋಮವಾರಪೇಟೆ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಉಪಶಾಮಕ ಆರೈಕೆ (ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್) ಮಾಡುವ ನರ್ಸ್ ನಾನು. ರೋಗಿಯ ಪಕ್ಕ ಕೂತ ಕೂಡಲೇ ಟಾರ್ಚ್ ಹಿಡಿದು ಬಾಯಿ ನೋಡುತ್ತೇನೆ. ಬಿ.ಪಿ., ನಾಡಿ ಎಲ್ಲ ಆಮೇಲೆ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿದ್ದರೆ, ನೋವು ಎಲ್ಲಿದೆ ಅಂತ ಅವರು ಹೇಳುವುದಾದರೂ ಹೇಗೆ?

ಜೋರು ನೋವಿಗೆ ಕೊಡುವ ಮಾರ್ಫಿನ್ ಬಾಯಿ ಒಣಗಿಸುತ್ತದೆ. ಆಕ್ಸಿಜನ್, ಕುತ್ತಿಗೆಗೆ ಕೊಟ್ಟ ರೇಡಿಯೇಷನ್, ಬಾಯಲ್ಲಿ ಉಸಿರಾಡುವುದು ಇವೂ ಅಷ್ಟೇ. "ಏನೂ ತಿನ್ನಲ್ಲ ಸಿಸ್ಟರ್, ರುಚಿಯೇ ಇಲ್ಲವಂತೆ" ಅಂತ ಮನೆಯವರು ಹೇಳಿದರೆ ಕೆನ್ನೆಯ ಒಳಗಡೆ ನೋಡುತ್ತೇನೆ. ಒಡೆದ ಹಾಲಿನಂಥ ಬಿಳಿ ಪದರ ಇದ್ದು, ಗಾಜ್ ಬಟ್ಟೆಯಲ್ಲಿ ಒರೆಸಿದಾಗ ಅಡಿಯಲ್ಲಿ ಕೆಂಪಗೆ ಕಂಡರೆ ಸಾಮಾನ್ಯವಾಗಿ ಫಂಗಸ್. ಡಾಕ್ಟರಿಗೆ ಹೇಳಿ ಕ್ಲೋಟ್ರಿಮಜೋಲ್ ಮೌತ್ ಪೇಂಟ್ (ಬಾಯೊಳಗೆ ಹಚ್ಚುವ ಫಂಗಸ್ ಔಷಧಿ) ಬರೆಸುತ್ತೇನೆ. ಕಟ್ಟಿಸಿದ ಹಲ್ಲಿನ ಸೆಟ್ಟನ್ನೂ ಉಜ್ಜಿ ತೊಳೆದು ರಾತ್ರಿ ತೆಗೆದಿಡಬೇಕು, ಇಲ್ಲದಿದ್ದರೆ ಫಂಗಸ್ ಅಲ್ಲಿಂದಲೇ ಮರಳಿ ಬರುತ್ತದೆ.

ಶನಿವಾರಸಂತೆ ಹತ್ತಿರದ ಒಬ್ಬ ಅಜ್ಜಿಯ ಸೊಸೆಗೆ ನಾನು ಕಲಿಸಿದ್ದು ಇಷ್ಟು. ಕಾದಾರಿದ ಒಂದು ಲೋಟ ನೀರಿಗೆ ಕಾಲು ಚಮಚ ಅಡುಗೆ ಸೋಡಾ. ಮಳೆಗಾಲದ ಚಳಿಯಲ್ಲಿ ನೀರು ಉಗುರುಬೆಚ್ಚಗಿರಲಿ. ಅಜ್ಜಿಯನ್ನು ಒಂದು ಮಗ್ಗುಲಿಗೆ ತಿರುಗಿಸಿ, ಕೆನ್ನೆಯ ಕೆಳಗೆ ಟವೆಲ್ ಹಾಸಿ, ಮಕ್ಕಳ ಮೆತ್ತನೆಯ ಬ್ರಷ್ಷನ್ನು ಅದ್ದಿ ಹಿಂಡಿ, ವಸಡಿನಿಂದ ಹಲ್ಲಿನ ಕಡೆಗೆ ಉಜ್ಜುವುದು. ನೀರು ಗಂಟಲಿಗೆ ಇಳಿಯಬಾರದು. ನಾಲಿಗೆಯ ಹಿಂಭಾಗ ಮುಟ್ಟಿದರೆ ಓಕರಿಕೆ ಬರುತ್ತದೆ, ಅಲ್ಲಿಗೆ ಹೋಗುವುದು ಬೇಡ. ಕೊನೆಗೆ ಅಜ್ಜಿಗೆ ಇಷ್ಟವಾದ ಬೆಲ್ಲದ ಕಾಫಿಯಲ್ಲಿ ಗಾಜ್ ಅದ್ದಿ, ಚೆನ್ನಾಗಿ ಹಿಂಡಿ ತುಟಿಗೆ, ನಾಲಿಗೆಗೆ ಸವರಿದೆವು. ಅಜ್ಜಿ ತುಟಿ ಚಪ್ಪರಿಸಿ "ಇನ್ನೊಂದ್ಸಲ" ಅಂದರು. ಸೊಸೆ ಅತ್ತುಬಿಟ್ಟಳು.

ಪ್ರಜ್ಞೆ ಇಲ್ಲದವರಿಗೂ ಗಂಟೆಗೊಮ್ಮೆಯೋ ಎರಡು ಗಂಟೆಗೊಮ್ಮೆಯೋ ಬಾಯಿ ಒದ್ದೆ ಮಾಡಬೇಕು. ತುಟಿಗೆ ವ್ಯಾಸಲಿನ್ ಸಾಕು, ಆದರೆ ಆಕ್ಸಿಜನ್ ಹಾಕಿದ್ದರೆ ಅದು ಬೇಡ, ಬೆಂಕಿಯ ಅಪಾಯ. ನೀರಿನ ಅಂಶದ ಜೆಲ್ ಹಚ್ಚಬೇಕು. ನಿಂಬೆ-ಗ್ಲಿಸರಿನ್ ಸವರುವ ರೂಢಿ ಕೆಲವು ಕಡೆ ಈಗಲೂ ಇದೆ. ದಯವಿಟ್ಟು ಬಿಡಿ. ನಿಂಬೆ ಉರಿಸುತ್ತದೆ, ಗ್ಲಿಸರಿನ್ ಇನ್ನಷ್ಟು ಒಣಗಿಸುತ್ತದೆ.

ಬಾಯಿ ಕ್ಯಾನ್ಸರಿನ ಗಾಯದ ವಾಸನೆಗೆ ನಾಚಿ ಮೊಮ್ಮಕ್ಕಳನ್ನೂ ಹತ್ತಿರ ಸೇರಿಸದ ತಾತಂದಿರನ್ನು ನೋಡಿದ್ದೇನೆ. ಅದಕ್ಕೆ ಮೆಟ್ರೊನಿಡಜೋಲ್ ಎಂಬ ಔಷಧಿ ಇದೆ, ಡಾಕ್ಟರನ್ನು ಕೇಳಿ. ವಾಸನೆ ಹತೋಟಿಗೆ ಬರುತ್ತದೆ.

ಆಸ್ಪತ್ರೆಯ ವಾರ್ಡಿನ ಗೆಳತಿಯರಲ್ಲಿ ಒಂದು ಕೋರಿಕೆ. ಡಿಸ್ಚಾರ್ಜ್ ಚೀಟಿಯಲ್ಲಿ ಬಾಯಿಗೂ ಒಂದು ಸಾಲು ಕೊಡಿ: ಹಲ್ಲಿನ ಸೆಟ್ ಇದೆಯೇ, ಹುಣ್ಣಿದೆಯೇ, ನುಂಗಲು ಆಗುತ್ತದೆಯೇ. ಮನೆಗೆ ಹೋಗುವ ನಮಗೆ ಆ ಸಾಲು ಬೇಕು.