ಮೆಕ್ಸಿಕೊ ಗಡಿ ದಾಟುವ ಮುನ್ನ ಟೂರಿಸ್ಟ್ ಪರ್ಮಿಟ್ ವಾಪಸ್ ಕೊಡುವುದು ಹೇಗೆ?

ವಿಮಾನದಲ್ಲಿ ಒಂದು ದೇಶ ಬಿಡುವಾಗ ಕಾಗದಪತ್ರದ ಚಿಂತೆ ಅಷ್ಟಾಗಿ ಇರುವುದಿಲ್ಲ. ಚೆಕ್-ಇನ್ ಕೌಂಟರಿನಲ್ಲೋ ಗೇಟಿನ ಹತ್ತಿರವೋ ಯಾರಾದರೂ ಕೇಳಿಯೇ ಕೇಳುತ್ತಾರೆ. ರಸ್ತೆಯಲ್ಲಿ ಹಾಗಲ್ಲ. ಮೆಕ್ಸಿಕೊದಿಂದ ಅಮೆರಿಕದ ಕಡೆಗೆ ಕಾರಿನಲ್ಲಿ ಹೊರಟಿದ್ದೀರಿ ಎಂದುಕೊಳ್ಳಿ. ಉದ್ದದ ಸಾಲಿನಲ್ಲಿ ಇಂಚಿಂಚೇ ಮುಂದೆ ಸರಿದು, ಕೊನೆಗೆ ಕಿಟಕಿ ಇಳಿಸಿ ಪಾಸ್‌ಪೋರ್ಟ್ ಚಾಚುವುದು ಅಮೆರಿಕದ ಅಧಿಕಾರಿಯ ಕೈಗೆ. ಹಾಗಾದರೆ ಮೆಕ್ಸಿಕೊದವರು ಎಲ್ಲಿ ಸಿಕ್ಕರು? ಸಿಗಲೇ ಇಲ್ಲ. ಅವರ ಕಚೇರಿ ಎಲ್ಲೋ ಬದಿಯಲ್ಲಿ ಹಿಂದೆ ಉಳಿದುಹೋಯಿತು. ಅವರು ಕೊಟ್ಟ ಪರ್ಮಿಟ್ ಮಾತ್ರ ನಿಮ್ಮ ಬ್ಯಾಗಿನಲ್ಲೇ ಇದೆ.

ನೀವು ಹೊರಗೆ ಬಂದಿದ್ದೀರಿ, ನಿಜ. ಆದರೆ ಮೆಕ್ಸಿಕೊದ ದಾಖಲೆಯಲ್ಲಿ ಇನ್ನೂ ಒಳಗೇ ಇದ್ದೀರಿ. ಪರ್ಮಿಟ್ಟಿನ ದಿನಗಳು ಮುಗಿದ ಮೇಲೆ, ಅವಧಿ ಮೀರಿ ಉಳಿದವರ ಹಾಗೆ ಕಾಣುತ್ತೀರಿ. ಮುಂದಿನ ಸಲ ಹೋದಾಗ ಪ್ರಶ್ನೆ ಬರಬಹುದು, ದಂಡವೂ ಬೀಳಬಹುದು. ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಎಷ್ಟೋ ಜನ ಪರ್ಮಿಟ್ ಕೊಡದೆಯೇ ಬಂದು, ಮತ್ತೆ ಹೋಗಿ ಬಂದಿದ್ದಾರೆ. ಆದರೂ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸವನ್ನು ಅದೃಷ್ಟಕ್ಕೆ ಬಿಡುವುದು ಯಾಕೆ?

ಮೊದಲು, ನಿಮ್ಮ ಹತ್ತಿರ ಏನಿದೆ ನೋಡಿಕೊಳ್ಳಿ

ಪ್ರವಾಸಿಗರಿಗೆ ಮೆಕ್ಸಿಕೊ ಕೊಡುವ ಪರ್ಮಿಟ್ಟಿಗೆ ಎಫ್‌ಎಂಎಂ (ಫೋರ್ಮಾ ಮಿಗ್ರತೋರಿಯಾ ಮುಲ್ತಿಪ್ಲೆ) ಎನ್ನುತ್ತಾರೆ. ಇದನ್ನು ಕೊಡುವುದು ಅಲ್ಲಿನ ವಲಸೆ ಇಲಾಖೆ, ಅಂದರೆ ಐಎನ್‌ಎಂ. ಹೆಸರಿನ ಕೊನೆಯಲ್ಲಿ 'ಮುಲ್ತಿಪ್ಲೆ' ಎಂಬ ಪದವಿದೆ. ಹಲವು ಸಲ ಹೋಗಿ ಬರಬಹುದು ಎಂದು ಅದರ ಅರ್ಥವಲ್ಲ. ಹಲವು ಬಗೆಯ ಪ್ರಯಾಣಿಕರಿಗೆ ಒಂದೇ ಫಾರಂ, ಅಷ್ಟೇ.

ಅಧಿಕಾರಿ ಅದರ ಮೇಲೆ ದಿನಗಳ ಸಂಖ್ಯೆ ಬರೆದಿರುತ್ತಾರೆ. ಗರಿಷ್ಠ 180. ಎಲ್ಲರಿಗೂ 180 ಸಿಗುವುದಿಲ್ಲ, ಹಾಗಾಗಿ ನಿಮಗೆ ಎಷ್ಟು ಬರೆದಿದ್ದಾರೆ ಎಂದು ಒಳಗೆ ಬರುವಾಗಲೇ ನೋಡಿ. 180 ದಿನ ಎಂದರೆ ಆರು ತಿಂಗಳೂ ಅಲ್ಲ. ಕ್ಯಾಲೆಂಡರ್ ಹಿಡಿದು ಎಣಿಸಿದರೆ ಒಂದರಿಂದ ನಾಲ್ಕು ದಿನ ಕಡಿಮೆಯೇ ಬರುತ್ತದೆ. 'ಬಂದು ಆರು ತಿಂಗಳಾಗಿಲ್ವಲ್ಲ' ಎಂದು ಹೊರಟು ಎಡವುವುದು ಇಲ್ಲೇ.

ವಿಮಾನದಲ್ಲಿ ಬಂದು ರಸ್ತೆಯಲ್ಲಿ ಹೊರಡುವವರ ಹತ್ತಿರ ಕಾಗದವೇ ಇಲ್ಲದಿರಬಹುದು. ಕಾನ್‌ಕುನ್, ಮೆಕ್ಸಿಕೊ ಸಿಟಿಯಂಥ ವಿಮಾನ ನಿಲ್ದಾಣಗಳಲ್ಲಿ ಈಗ ಪಾಸ್‌ಪೋರ್ಟಿನಲ್ಲಿ ಸೀಲು ಹಾಕಿ ದಿನಗಳನ್ನು ಬರೆಯುತ್ತಾರೆ. ಸ್ವಯಂಚಾಲಿತ ಗೇಟಿನಲ್ಲಿ ಬಂದವರಿಗೆ ಸಣ್ಣ ರಸೀದಿ ಸಿಗುತ್ತದೆ. ಇವರು ವಾಪಸ್ ಕೊಡಲು ಏನೂ ಇಲ್ಲ. ಆದರೆ ಹೊರಹೋದ ಸೀಲು ಹಾಕಿಸಿಕೊಳ್ಳುವ ಕೆಲಸ ಇವರಿಗೂ ತಪ್ಪಿದ್ದಲ್ಲ.

ಯಾವುದೇ ಇರಲಿ, ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕೊಟ್ಟ ಮೇಲೆ ನಿಮ್ಮ ಹತ್ತಿರ ಉಳಿಯುವುದು ಆ ಫೋಟೊ ಮಾತ್ರ.

ಕಚೇರಿ ಹುಡುಕುವುದೇ ದೊಡ್ಡ ಕೆಲಸ

ಉತ್ತರದ ಗಡಿ 3,100 ಕಿಲೋಮೀಟರಿಗೂ ಜಾಸ್ತಿ ಉದ್ದವಿದೆ. ದಾಟುವ ಜಾಗಗಳು ಹತ್ತಾರು, ಒಂದೊಂದೂ ಒಂದೊಂದು ಥರ. ಆದರೆ ಒಂದು ವಿಷಯ ಹೆಚ್ಚು ಕಡಿಮೆ ಎಲ್ಲ ಕಡೆ ನಿಜ: ಐಎನ್‌ಎಂ ಕಚೇರಿ ಇರುವುದು ಮೆಕ್ಸಿಕೊ ಒಳಗೆ ಬರುವವರ ಬದಿಯಲ್ಲಿ. ಹೊರಡುವವರ ಸಾಲು ಅದನ್ನು ಮುಟ್ಟುವುದೇ ಇಲ್ಲ.

ಆದ್ದರಿಂದ ಕಾರು ಸಾಲಿಗೆ ಸೇರುವ ಮೊದಲೇ ಈ ಕೆಲಸ ಮುಗಿಯಬೇಕು. ತಿಹ್ವಾನಾದಿಂದ ಸ್ಯಾನ್ ಯಸೀಡ್ರೊಗೆ ಹೋಗುವ ದಾರಿಯಲ್ಲಿ 30ಕ್ಕೂ ಹೆಚ್ಚು ಲೇನ್‌ಗಳಿವೆ. ಒಮ್ಮೆ ಒಳಗೆ ಸಿಕ್ಕಿಕೊಂಡರೆ ಹೊರಳಿ ಬರುವ ಮಾತೇ ಇಲ್ಲ. ಹಿಂದಿನ ದಿನವೇ ಮ್ಯಾಪಿನಲ್ಲಿ ಕಚೇರಿ ಗುರುತು ಮಾಡಿಕೊಳ್ಳಿ. ಅಲ್ಲಿಗೆ ಹೋಗಿ, ಕಾರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ, ನಡೆದು ಹೋಗಿ ಪರ್ಮಿಟ್ ಕೊಡಿ. ನಡೆದು ಗಡಿ ದಾಟುವವರೂ ಮೊದಲು ಆ ಕಚೇರಿಗೇ ಹೋಗಬೇಕು.

ಒಳಗೆ ಕೆಲಸ ಸುಲಭ. ಪಾಸ್‌ಪೋರ್ಟ್, ಪರ್ಮಿಟ್, ಶುಲ್ಕ ಕಟ್ಟಿದ ರಸೀದಿ ಮುಂದಿಡಿ. ರಸ್ತೆಯಲ್ಲಿ ಬಂದು ಏಳು ದಿನದೊಳಗೆ ಹೊರಡುವವರಿಗೆ ಶುಲ್ಕವಿಲ್ಲ. ಅದಕ್ಕಿಂತ ಜಾಸ್ತಿ ದಿನ ಇರುವವರು ಬರುವಾಗಲೇ ಕಟ್ಟಿರಬೇಕು. ಅಧಿಕಾರಿ ಪರ್ಮಿಟ್ ತೆಗೆದುಕೊಂಡು ಪಾಸ್‌ಪೋರ್ಟಿಗೆ ಸೀಲು ಹಾಕುತ್ತಾರೆ. ಎದ್ದು ಬರುವ ಮೊದಲು ಸೀಲಿನ ತಾರೀಖು ನೋಡಿ. ಅಳಿಸಿದ ಹಾಗಿದ್ದರೆ ಇನ್ನೊಮ್ಮೆ ಹಾಕಿಕೊಡಿ ಎಂದು ಕೇಳಿ, ನಾಚಿಕೆ ಬೇಡ.

ಸ್ಪ್ಯಾನಿಷ್ ಬಾರದಿದ್ದರೆ ಎರಡು ಮಾತು ಕಲಿತಿರಿ. 'ದೋಂದೆ ಎಸ್ತಾ ಮಿಗ್ರಸಿಯೋನ್?' ಅಂದರೆ ವಲಸೆ ಕಚೇರಿ ಎಲ್ಲಿ. 'ನೆಸೆಸೀತೊ ಸೇಯೊ ದೆ ಸಲೀದಾ' ಅಂದರೆ ನನಗೆ ಹೊರಹೋಗುವ ಸೀಲು ಬೇಕು. 'ಸಲೀದಾ' ಎಂಬ ಒಂದು ಪದ ನೆನಪಿದ್ದರೂ ಸಾಕು, ಕೆಲಸ ಆಗುತ್ತದೆ.

ಕಾರಿಗೂ ಒಂದು ಪರ್ಮಿಟ್ ಇದೆ

ನನ್ನನ್ನು ಕೇಳಿದರೆ, ನಿಮ್ಮ ಪರ್ಮಿಟ್ಟಿಗಿಂತ ಕಾರಿನದೇ ಜಾಸ್ತಿ ತಲೆನೋವು. ಬೇರೆ ದೇಶದ ನಂಬರ್ ಪ್ಲೇಟಿನ ಕಾರನ್ನು ಮೆಕ್ಸಿಕೊದ ಒಳನಾಡಿಗೆ ಒಯ್ದರೆ ತಾತ್ಕಾಲಿಕ ಆಮದು ಪರ್ಮಿಟ್ ಬೇಕು. ಟಿಐಪಿ ಎಂದು ಕರೆಯುತ್ತಾರೆ. ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯದ್ವೀಪ ಮತ್ತು ಗಡಿಯಂಚಿನ ಪಟ್ಟಿಗೆ ಇದು ಬೇಡ. ಇದನ್ನು ಕೊಡುವುದೂ ರದ್ದು ಮಾಡುವುದೂ ಬಾನ್‌ಹೆರ್ಸಿತೊ ಎಂಬ ಬ್ಯಾಂಕ್. ಠೇವಣಿ ಇಡಬೇಕು: 2007 ಅಥವಾ ಆಮೇಲಿನ ಮಾಡೆಲ್ ಆದರೆ 400 ಡಾಲರ್, 2001ರಿಂದ 2006ರದ್ದಕ್ಕೆ 300, ಅದಕ್ಕೂ ಹಳೆಯದಕ್ಕೆ 200.

ಅವಧಿಯೊಳಗೆ ಕಾರು ಹೊರಗೆ ಹೋಗಿ ಪರ್ಮಿಟ್ ರದ್ದಾದರೆ ಈ ಹಣ ವಾಪಸ್. ಒಂದು ದಿನ ತಡವಾದರೂ ಹಣ ಹೋಯಿತು. ಹಳೆಯ ಪರ್ಮಿಟ್ ರದ್ದಾಗದೆ ಉಳಿದಿದ್ದರೆ ಮುಂದಿನ ಸಲ ಇನ್ನೊಂದು ಕಾರು ಒಯ್ಯಲೂ ಬಿಡುವುದಿಲ್ಲ.

ತಮಾಷೆ ಏನೆಂದರೆ, ಈ ಕೌಂಟರ್ ಕೆಲವು ಕಡೆ ಗಡಿಯಲ್ಲೇ ಇಲ್ಲ. ನೊಗಾಲೆಸ್ ದಾರಿಯಲ್ಲಿ ಅದು 21ನೇ ಕಿಲೋಮೀಟರಿನಲ್ಲಿದೆ. ಸಿಯುದಾದ್ ಹ್ವಾರೆಸ್ ದಾರಿಯಲ್ಲಿ 30ನೇ ಕಿಲೋಮೀಟರಿನಲ್ಲಿ. ಗಡಿಗೆ ಬಂದು 'ಎಲ್ಲಿ' ಎಂದು ಹುಡುಕಿದರೆ ಅಷ್ಟು ದೂರ ವಾಪಸ್ ಹೋಗಬೇಕು. ನುಯೆವೊ ಲರೇದೊದಲ್ಲಿ ಪರವಾಗಿಲ್ಲ. ಸೇತುವೆಯ ಹತ್ತಿರ ನದಿ ಬದಿಯ ಒಂದೇ ಕಟ್ಟಡದಲ್ಲಿ ನಿಮ್ಮ ಪರ್ಮಿಟ್ಟೂ ಕಾರಿನದೂ ಎರಡೂ ಮುಗಿಯುತ್ತವೆ.

ಗಾಜಿನ ಮೇಲೆ ಅಂಟಿಸಿದ ಸ್ಟಿಕ್ಕರನ್ನು ನೀವೇ ಕಿತ್ತು ಹಾಕಬೇಡಿ. ಸಿಬ್ಬಂದಿ ಕಾರಿನ ಚಾಸಿಸ್ ನಂಬರ್ ನೋಡಿ, ತಾವೇ ಅದನ್ನು ತೆಗೆದು, ರದ್ದಾದ ರಸೀದಿ ಕೊಡುತ್ತಾರೆ. ಆ ರಸೀದಿ ವರ್ಷಗಟ್ಟಲೆ ಜೋಪಾನವಾಗಿರಲಿ. ಠೇವಣಿ ನಗದಾಗಿ ಕಟ್ಟಿದ್ದರೆ ನಗದು ಸಿಗುತ್ತದೆ, ಕಾರ್ಡಿನಲ್ಲಿ ಕಟ್ಟಿದ್ದರೆ ಅದೇ ಕಾರ್ಡಿಗೆ ಬರುತ್ತದೆ. ಎಲ್ಲ ಕೌಂಟರ್‌ಗಳೂ ದಿನವಿಡೀ ತೆರೆದಿರುವುದಿಲ್ಲ, ಹಾಗಾಗಿ ರಾತ್ರಿ ಹೊತ್ತು ದಾಟುವ ಯೋಚನೆ ಇದ್ದರೆ ಸಮಯ ವಿಚಾರಿಸಿಕೊಳ್ಳಿ.

ಬಸ್ಸಿನಲ್ಲಿ ಹೊರಟರೆ

ಗಡಿ ದಾಟುವ ಬಸ್ಸುಗಳು ಅಮೆರಿಕದ ಕಡೆ ನಿಲ್ಲಲೇಬೇಕು. ಮೆಕ್ಸಿಕೊ ಕಚೇರಿಯ ಮುಂದೆ ನಿಲ್ಲುತ್ತವೆ ಎಂದು ನಂಬಿ ಕೂರಬೇಡಿ. ಹತ್ತುವಾಗಲೇ ಡ್ರೈವರಿಗೆ ಹೇಳಿಡಿ. ಅವರು ಒಪ್ಪದಿದ್ದರೆ, ಗಡಿಯ ಊರಿನವರೆಗೆ ಮಾತ್ರ ಟಿಕೆಟ್ ತೆಗೆದುಕೊಂಡು, ಇಳಿದು ಕೆಲಸ ಮುಗಿಸಿ, ನಡೆದು ದಾಟಿ ಆ ಕಡೆ ಬೇರೆ ಬಸ್ ಹಿಡಿಯುವುದೇ ವಾಸಿ.

ದಕ್ಷಿಣದ ಕಡೆ ಲೆಕ್ಕವೇ ಬೇರೆ

ಗ್ವಾಟೆಮಾಲಾ ಅಥವಾ ಬೆಲೀಜ್ ಕಡೆಗೆ ಹೊರಟವರಿಗೆ ಕಚೇರಿ ಹುಡುಕುವ ಕಷ್ಟವಿಲ್ಲ. ಮೆಕ್ಸಿಕೊದ ಸೀಲು ಹಾಕಿಸಿಕೊಂಡೇ ಆಚೆಗೆ ಹೋಗುವುದು ಅಲ್ಲಿನ ರೂಢಿ. ಅಲ್ಲಿ ಬರುವ ತಕರಾರು ಶುಲ್ಕದ್ದು, ಅದರಲ್ಲೂ ಚೆತುಮಾಲ್ ಹತ್ತಿರದ ಬೆಲೀಜ್ ಗಡಿಯಲ್ಲಿ. ವಿಮಾನದಲ್ಲಿ ಬಂದವರ ಟಿಕೆಟ್ ಹಣದಲ್ಲೇ ಪ್ರವಾಸಿ ಶುಲ್ಕ ಸಾಮಾನ್ಯವಾಗಿ ಸೇರಿರುತ್ತದೆ. ಆದರೆ ಕೇಳಿದಾಗ ತೋರಿಸಲು ಪುರಾವೆ ಬೇಕಲ್ಲ? ಬೋರ್ಡಿಂಗ್ ಪಾಸ್ ಸಾಲದು. ತೆರಿಗೆಗಳನ್ನು ಬಿಡಿಬಿಡಿಯಾಗಿ ತೋರಿಸುವ ಟಿಕೆಟ್ ರಸೀದಿ ಪ್ರಿಂಟ್ ಮಾಡಿಟ್ಟುಕೊಳ್ಳಿ. ಅದರಲ್ಲಿ 'ಯುಕೆ' ಎಂಬ ಸಂಕೇತದ ಎದುರು ಇರುವ ಮೊತ್ತವೇ ಆ ಶುಲ್ಕ. ಬ್ರಿಟನ್ನಿಗೂ ಇದಕ್ಕೂ ಸಂಬಂಧವಿಲ್ಲ.

ಎರಡು ದೇಶದ ಕಾಗದ ಬೆರೆಸಬೇಡಿ

ಅಮೆರಿಕದ ಚಾಲ್ತಿ ವೀಸಾ ಇದ್ದವರಿಗೆ ಮೆಕ್ಸಿಕೊ ವೀಸಾ ಬೇಕಿಲ್ಲ. ಹಾಗಾಗಿ ಅಮೆರಿಕಕ್ಕೆ ಬಂದವರು ಹಾಗೇ ನಾಲ್ಕು ದಿನ ಮೆಕ್ಸಿಕೊ ನೋಡಿ ಬರುವುದು ಸಾಮಾನ್ಯ. ಇವರ ಹತ್ತಿರ ಅಮೆರಿಕದ ಐ-94 ದಾಖಲೆಯೂ ಇರುತ್ತದೆ, ಅಂದರೆ ಅಮೆರಿಕದ ಒಳಗೆ ಯಾವಾಗ ಬಂದಿರಿ, ಎಲ್ಲಿಯವರೆಗೆ ಇರಬಹುದು ಎಂಬ ದಾಖಲೆ. ಮೆಕ್ಸಿಕೊದ ಪರ್ಮಿಟ್ ಕೊಟ್ಟು ಬರಬೇಕು. ಅಮೆರಿಕಕ್ಕೆ ವಾಪಸ್ ಬರುವವರು ಐ-94 ಪ್ರತಿಯನ್ನು ಇಟ್ಟುಕೊಳ್ಳಬೇಕು. ಅವಸರದಲ್ಲಿ ಇದು ಅದಲು ಬದಲಾದರೆ ಫಜೀತಿ. ವೀಸಾ ಮುಗಿದಿದ್ದರೂ ಐ-94 ಅವಧಿ ಉಳಿದಿದ್ದರೆ, ಮೆಕ್ಸಿಕೊಗೆ 30 ದಿನದೊಳಗಿನ ಪ್ರವಾಸ ಮುಗಿಸಿ ಅಮೆರಿಕಕ್ಕೆ ಮರಳಲು ಹಲವರಿಗೆ ಅವಕಾಶವಿದೆ. ಆದರೆ ಆಗ ಮೆಕ್ಸಿಕೊದ ವೀಸಾ ವಿನಾಯಿತಿ ಸಿಗುವುದಿಲ್ಲ, ಬೇರೆಯಾಗಿಯೇ ಮಾಡಿಸಬೇಕು.

ಕೊಡದೆ ಬಂದುಬಿಟ್ಟಿದ್ದರೆ?

ಗಡಿಯ ಹತ್ತಿರವೇ ಇದ್ದೀರಾದರೆ, ವಾಪಸ್ ಹೋಗಿ ಐಎನ್‌ಎಂ ಕಚೇರಿಯಲ್ಲಿ ವಿಷಯ ಹೇಳಿ ಕೊಟ್ಟು ಬನ್ನಿ. ಕಾರಿನ ಪರ್ಮಿಟ್ಟಾದರೆ ಕಾರನ್ನೂ ಜೊತೆಗೆ ಒಯ್ಯಬೇಕು, ಬರೀ ಸ್ಟಿಕ್ಕರ್ ಹಿಡಿದು ಹೋದರೆ ಆಗುವುದಿಲ್ಲ. ದೂರ ಬಂದಾಗಿದ್ದರೆ ಪರ್ಮಿಟ್ಟನ್ನು ಬಿಸಾಡದೆ ಪಾಸ್‌ಪೋರ್ಟಿನ ಜೊತೆಗೇ ಇಡಿ. ಆ ದಿನ ಮೆಕ್ಸಿಕೊ ಬಿಟ್ಟಿದ್ದಕ್ಕೆ ಸಾಕ್ಷಿ ಕೂಡಿಸಿ. ಅಮೆರಿಕದ ಪ್ರವೇಶದ ಸೀಲು, ಅಲ್ಲಿಂದ ಮುಂದೆ ಹೊರಟ ವಿಮಾನದ ಟಿಕೆಟ್, ಹೋಟೆಲ್ ಬಿಲ್ ಎಲ್ಲವೂ ಆಗುತ್ತದೆ. ಐ-94ರ ವೆಬ್‌ಸೈಟಿನಲ್ಲಿ ನಿಮ್ಮ ಪ್ರಯಾಣದ ಇತಿಹಾಸ ಸಿಗುತ್ತದೆ, ಅದನ್ನೂ ಒಂದು ಪ್ರಿಂಟ್ ತೆಗೆದಿಡಿ. ಮುಂದಿನ ಸಲ ಮೆಕ್ಸಿಕೊಗೆ ಹೋಗುವಾಗ ಇವೆಲ್ಲ ಸೂಟ್‌ಕೇಸಿನ ತಳದಲ್ಲಿ ಬೇಡ, ಕೈಚೀಲದಲ್ಲೇ ಇರಲಿ.